ಬನ್ನಿಯಿಂದ ಸಕ್ಕರೆಗೊಂಬೆಯವರೆಗೆ

ಮಕ್ಕಳು ಬೆಳೆಯುವುದನ್ನು ಕಂಡವರಿಲ್ಲ. ಬೆಳೆದುದನ್ನು ಮಾತ್ರ ಎಲ್ಲರೂ ಕಾಣುತ್ತಾರೆ. ಕಳೆದ ವರ್ಷ ಹೊಲಿಸಿದ ಅಂಗಿಯ ತೋಳು ಮೊಣಕೈಯ ಬಳಿಗೆ ಬಂದು ನಿಂತಾಗ, ಎಟುಕದಿದ್ದ ಬಾಗಿಲ ಚಿಲಕ ಒಂದು ದಿನ ಕೈಗೆಟುಕಿದಾಗ, ‘ಎಷ್ಟು ಬೆಳೆದುಬಿಟ್ಟ!’ ಎಂದು ಮನೆಯವರು ಬೆರಗಾಗುತ್ತಾರೆ. ಅದು ಯಾವಾಗ ನಡೆಯಿತೆಂದು ಕೇಳಿದರೆ ತಾರೀಖು ಹೇಳಬಲ್ಲವರು ವಿರಳ. ಮನೆಯ ಹಿರಿಯರ ಲೆಕ್ಕವೇ ಬೇರೆ. ‘ಇವನು ಬೋರಲು ಬಿದ್ದದ್ದು ಪಂಚಮಿಯಲ್ಲಿ, ಮೊದಲ ಹಲ್ಲು ಬಂದದ್ದು ಗಣಪತಿ ಕೂಡಿಸಿದ ದಿನ, ಹೆಜ್ಜೆ ಇಟ್ಟದ್ದು ಬನ್ನಿ ಹಬ್ಬದ ಮರುದಿನ’ ಎಂದು ಅಜ್ಜಿ ತಡವರಿಸದೆ ಹೇಳುತ್ತಾಳೆ. ಗೋಡೆಗೆ ತೂಗುಹಾಕಿದ ಪಂಚಾಂಗದಲ್ಲಿ ಬರೆದಿಡದ ಈ ಲೆಕ್ಕ ಆಕೆಯ ನೆನಪಿನಲ್ಲಿ ಹಬ್ಬಗಳಿಗೆ ಗಂಟುಹಾಕಿಕೊಂಡು ಭದ್ರವಾಗಿ ಉಳಿದಿರುತ್ತದೆ.

ತುಂಗಭದ್ರೆಯ ಆಸುಪಾಸಿನ ಹೊಸಪೇಟೆ, ಹಂಪಿ, ಕಂಪ್ಲಿ, ಸಂಡೂರುಗಳ ಸೀಮೆಯಲ್ಲಿ ಇಂತಹ ಗಂಟುಗಳು ಹೆಚ್ಚಾಗಿ ಬೀಳುವುದು ಮಹಾನವಮಿಯಿಂದ ಮುಂದಿನ ದಿನಗಳಲ್ಲಿ. ಶಾಲೆಗೆ ದಸರಾ ರಜೆ ದೊರೆತಿರುತ್ತದೆ. ಮಳೆ ಹಿಂದೆ ಸರಿದು ಕಾಲುವೆಗಳಲ್ಲಿ ನೀರು ತುಂಬಿ ಹರಿಯುತ್ತಿರುತ್ತದೆ. ವಿಜಯದಶಮಿಯ ಬನ್ನಿ ಮುಗಿದು ಇಪ್ಪತ್ತು ದಿನಗಳಿಗೆ ದೀಪಾವಳಿ, ಅಲ್ಲಿಂದ ಹದಿನೈದು ದಿನಕ್ಕೆ ಕಾರ್ತಿಕದ ಗೌರಿ ಹುಣ್ಣಿಮೆ. ಆ ಹುಣ್ಣಿಮೆಗೆ ಹೆಣ್ಣುಮಕ್ಕಳು ಸಕ್ಕರೆಯ ಗೊಂಬೆಗಳನ್ನು ತಟ್ಟೆಯಲ್ಲಿಟ್ಟು ಗೌರಿಗೆ ಆರತಿ ಬೆಳಗುತ್ತಾರೆ. ಹೀಗೆ ಬನ್ನಿಯಿಂದ ಸಕ್ಕರೆಗೊಂಬೆಯವರೆಗೆ ಸುಮಾರು ಮೂವತ್ತೈದು ದಿನ. ಮಹಾನವಮಿಯ ಹಬ್ಬ ಇಲ್ಲಿಗೆ ಹೊಸತಲ್ಲ. ಸುಮಾರು ೧೫೨೦ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಒಂಬತ್ತು ದಿನಗಳ ಆ ಉತ್ಸವವನ್ನೂ ಅಲ್ಲಿನ ಕುಸ್ತಿ, ನರ್ತನ, ಬಾಣಬಿರುಸುಗಳನ್ನೂ ವಿಸ್ತಾರವಾಗಿ ವರ್ಣಿಸಿದ್ದಾನೆ. ಆ ಸಂದಣಿಯಲ್ಲಿ ತಂದೆಯ ಹೆಗಲೇರಿ ಆನೆಗಳನ್ನು ಕಂಡ ಮಕ್ಕಳೂ ಇದ್ದಿರಲೇಬೇಕು. ಚರಿತ್ರೆಯ ಪುಟಗಳಲ್ಲಿ ಮಕ್ಕಳಿಗೆ ದೊರೆಯುವ ಸ್ಥಳ ಮಾತ್ರ ಯಾವಾಗಲೂ ಇಕ್ಕಟ್ಟು.

ಹೊಸಪೇಟೆಯ ಒಂದು ಓಣಿಯಲ್ಲಿ ಅಂತಹ ಮಕ್ಕಳ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ತಂದೆ ಆಟೋ ಓಡಿಸುವವನು. ದಸರಾ ರಜೆಯಲ್ಲಿ ಹಂಪಿಗೆ ಬರುವ ಪ್ರವಾಸಿಗರು ಹೆಚ್ಚು. ಆದುದರಿಂದ ಮಕ್ಕಳಿಗೆ ರಜೆ ಬಂದ ದಿನವೇ ತಂದೆಯ ದುಡಿಮೆ ಇಮ್ಮಡಿಯಾಗುತ್ತದೆ. ತಾಯಿ ಬಿಡುವಿನ ವೇಳೆಯಲ್ಲಿ ಕುಪ್ಪಸ ಹೊಲಿಯುತ್ತಾಳೆ. ಅಜ್ಜಿ ಇದ್ದಾಳೆ. ಮಕ್ಕಳು ಮೂವರು: ಹತ್ತು ವರ್ಷದ ಹಿರಿಯವಳು, ಆರು ತುಂಬಿದ ನಡುವಿನವನು, ಹನ್ನೊಂದು ತಿಂಗಳ ಕೂಸು. ನಡುವಿನವನ ಕೆಳಗಿನ ಮುಂದಿನ ಹಲ್ಲು ಅಲುಗಾಡುತ್ತಿದೆ. ಕೂಸು ಗೋಡೆ ಹಿಡಿದು ನಿಲ್ಲುತ್ತದೆ. ಹಿರಿಯವಳಲ್ಲಿ ಏನು ನಡೆಯುತ್ತಿದೆಯೆಂಬುದನ್ನು ಯಾರೂ ವಿಚಾರಿಸುವುದಿಲ್ಲ. ಆಕೆ ದೊಡ್ಡವಳೆಂದು ತೀರ್ಮಾನವಾಗಿ ಬಹಳ ದಿನಗಳಾಗಿವೆ.

ಆಯುಧಪೂಜೆಯ ದಿನ ಆಟೋವನ್ನು ತೊಳೆದು ಚೆಂಡುಹೂವಿನ ಮಾಲೆ ಹಾಕಿ ಪೂಜಿಸಿದರು. ನಡುವಿನವನು ತನ್ನ ಪಾಲಿನ ಪೂಜೆಯನ್ನು ಬೇರೆಯಾಗಿ ನಡೆಸಿದನು. ಕೂಸು ನಿಂತು ತಳ್ಳಲೆಂದು ಮಾಡಿಸಿದ್ದ ಮೂರು ಗಾಲಿಯ ಮರದ ಬಂಡಿಯೂ ವಾಹನವೇ ಆದುದರಿಂದ ಅದಕ್ಕೆ ವಿಭೂತಿ ಹಚ್ಚಿ, ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟನು. ಅನಂತರ ತನ್ನ ಪುಸ್ತಕಗಳನ್ನೂ, ಅಕ್ಕನ ಪುಸ್ತಕಗಳನ್ನೂ ದೇವರ ಮುಂದೆ ಒಟ್ಟಿ ಕುಂಕುಮವಿಟ್ಟನು. ಅಕ್ಕ ರಜೆಯ ಲೆಕ್ಕ ಬರೆಯಲು ಪಟ್ಟಿ ಕೇಳಿದಾಗ ‘ಪೂಜಿಗಿಟ್ಟದ್ದು ಮುಟ್ಟಬಾರದು. ಮುಟ್ಟಿದರೆ ವಿದ್ಯೆ ಹೋಗತದ’ ಎಂದು ಗಂಭೀರವಾಗಿ ನುಡಿದನು. ಶಾಸ್ತ್ರ ಅವನ ಪಕ್ಷದಲ್ಲಿತ್ತು. ಅಜ್ಜಿಯೂ ತಲೆದೂಗಿದಳು. ಅಲ್ಲಿಗೆ ಇಬ್ಬರ ಓದೂ ಒಂದು ದಿನ ನಿರಾತಂಕವಾಗಿ ನಿಂತಿತು.

ಮರುದಿನ ಸಂಜೆ ಬನ್ನಿ. ಹೊಸಪೇಟೆಯ ಕೇರಿಗಳ ದೇವತೆಗಳ ಪಲ್ಲಕ್ಕಿಗಳು ಅಂದು ನಾಗೇನಹಳ್ಳಿಯ ಬಳಿಯ ಧರ್ಮದ ಗುಡ್ಡಕ್ಕೆ ಹೋಗಿ ಬನ್ನಿ ಮುಡಿದು ಬರುತ್ತವೆ. ಅಜ್ಞಾತವಾಸಕ್ಕೆ ಹೊರಟ ಐವರು ಅಣ್ಣತಮ್ಮಂದಿರು ಆಯುಧಗಳನ್ನು ಬಚ್ಚಿಟ್ಟ ಮರವೆಂದು ಬನ್ನಿಗೆ ಗೌರವ. ಅದರ ಎಲೆ ಅಂದು ಬಂಗಾರವಾಗುತ್ತದೆ. ಕಿರಿಯರು ಹಿರಿಯರ ಕೈಗೆ ಬನ್ನಿಯಿತ್ತು ಕಾಲುಮುಟ್ಟಿ ನಮಸ್ಕರಿಸುತ್ತಾರೆ. ಹಿರಿಯರು ಹರಸಿ, ಮನಸ್ಸು ಬಂದರೆ ಒಂದು ನಾಣ್ಯವನ್ನೂ ಕೊಡುತ್ತಾರೆ. ನಡುವಿನವನು ಈ ಕೊನೆಯ ಅಂಶವನ್ನು ಚೆನ್ನಾಗಿ ಅರಿತಿದ್ದನು. ಓಣಿಯ ಎರಡೂ ಸಾಲಿನ ಮನೆಗಳಿಗೆ ಹೋಗಿ ನಮಸ್ಕರಿಸಿ ಬಂದನು. ಅಷ್ಟು ವಿನಯವನ್ನು ಅವನಲ್ಲಿ ಮತ್ತೆಂದೂ ಕಂಡವರಿಲ್ಲ. ಅವನು ನಾಣ್ಯಗಳನ್ನು ತಗಡಿನ ಡಬ್ಬಿಗೆ ತುಂಬಿಸುತ್ತಿರುವಾಗ ಕೂಸು ನೆಲದ ಮೇಲೆ ಬಿದ್ದಿದ್ದ ಬನ್ನಿಯನ್ನು ಹಿಡಿಹಿಡಿಯಾಗಿ ಬಾಯಿಗೆ ತುರುಕಿಕೊಂಡಿತು. ‘ಯವ್ವಾ, ತಂಗಿ ಬಂಗಾರ ತಿಂದಳು!’ ಎಂಬ ಕೂಗಿಗೆ ಮನೆಯವರೆಲ್ಲ ಓಡಿಬಂದರು. ಹಿರಿಯವಳು ಅಷ್ಟರಲ್ಲಿ ಬೆರಳು ಹಾಕಿ ಎಲೆಗಳನ್ನು ತೆಗೆದಾಗಿತ್ತು. ಕೂಸು ಅವಳ ಬೆರಳನ್ನೇ ಕಚ್ಚಿತು.

ಬನ್ನಿಯ ಮರುದಿನವೇ ಕೂಸು ನಡೆಯಿತು. ತಾಯಿ ಒಲೆಯ ಮುಂದಿದ್ದಳು. ತಂದೆ ಹಂಪಿಯ ದಾರಿಯಲ್ಲಿದ್ದನು. ಅಜ್ಜಿ ಮಧ್ಯಾಹ್ನದ ಜೊಂಪಿನಲ್ಲಿದ್ದಳು. ನಡುವಿನವನು ಪಡಸಾಲೆಯಲ್ಲಿ ಕುಳಿತು ನಾಣ್ಯದ ಡಬ್ಬಿಯನ್ನು ಗಲಗಲನೆ ಅಲ್ಲಾಡಿಸಿದನು. ಗೋಡೆ ಹಿಡಿದು ನಿಂತಿದ್ದ ಕೂಸು ಆ ಸದ್ದಿನ ಕಡೆ ತಿರುಗಿತು. ಒಂದು ಕೈ ಬಿಟ್ಟಿತು. ಇನ್ನೊಂದು ಕೈಯನ್ನೂ ಬಿಟ್ಟಿತು. ಎರಡೂ ತೋಳುಗಳನ್ನು ಮೇಲೆತ್ತಿ, ಹೊಟ್ಟೆ ಮುಂದೆ ಮಾಡಿ, ಒಂದು, ಎರಡು, ಮೂರು ಹೆಜ್ಜೆ ಇಟ್ಟು ಡಬ್ಬಿಯ ಮೇಲೆಯೇ ಬಿದ್ದಿತು. ಕಂಡವರು ಅಣ್ಣ, ಅಕ್ಕ ಇಬ್ಬರೇ. ‘ನಡದಳು, ನಡದಳು!’ ಎಂದು ಕೂಗಿ ತಾಯಿಯನ್ನು ಎಳೆದು ತಂದರೆ, ಕೂಸು ಕಾಲು ಚಾಚಿ ಕುಳಿತು ಹೆಬ್ಬೆರಳು ಚೀಪುತ್ತಿತ್ತು. ಎತ್ತಿ ನಿಲ್ಲಿಸಿದರೆ ಕುಸಿಯಿತು. ಡಬ್ಬಿ ಅಲ್ಲಾಡಿಸಿದರೆ ನಕ್ಕಿತು. ‘ಸುಳ್ಳು ಹೇಳತಿ’ ಎಂದು ತಾಯಿ ಒಳಗೆ ಹೋದಳು. ಸತ್ಯಕ್ಕೆ ಸಾಕ್ಷಿ ಸಾಲದೆಹೋಯಿತು. ಎರಡು ದಿನಗಳ ಮೇಲೆ ತಾಯಿಯ ಎದುರಿನಲ್ಲಿ ಕೂಸು ಹೆಜ್ಜೆಯಿಟ್ಟಾಗ ಅದನ್ನೇ ಮೊದಲ ಹೆಜ್ಜೆಯೆಂದು ಮನೆಯವರು ನಿರ್ಣಯಿಸಿದರು. ಅಜ್ಜಿ ಮಾತ್ರ ತನ್ನ ಲೆಕ್ಕದಲ್ಲಿ ಬನ್ನಿಯ ಮರುದಿನವನ್ನೇ ಇಟ್ಟುಕೊಂಡಳು. ಅಜ್ಜಿಯ ತವರು ತೆಲುಗು ಮಾತಿನ ಮನೆ. ಕೂಸು ಬೋರಲು ಬಿದ್ದರೆ ಬೊಬ್ಬಟ್ಟು, ಅಡಿಯಿಟ್ಟರೆ ಅರಿಸೆ ಎಂದು ಪ್ರಾಸಕ್ಕೆ ಹೊಂದುವ ತಿಂಡಿ ಮಾಡಿ ಹಂಚುವುದು ತೆಲುಗರ ಪದ್ಧತಿ. ಬಳ್ಳಾರಿ ಸೀಮೆಯಲ್ಲಿ ಎರಡು ಭಾಷೆಗಳು ಒಂದೇ ಅಂಗಳದಲ್ಲಿ ಆಡಿಕೊಂಡಿರುವುದರಿಂದ ಆ ಅರಿಸೆ ಈ ಮನೆಯಲ್ಲಿ ಕಜ್ಜಾಯವೆಂಬ ಹೆಸರಿನಿಂದ ಬೆಂದಿತು.

ಹನ್ನೊಂದು ತಿಂಗಳಿಗೆ ನಡೆದದ್ದು ಬೇಗವೆ, ತಡವೆ ಎಂಬ ಚರ್ಚೆ ಓಣಿಯಲ್ಲಿ ಎರಡು ದಿನ ನಡೆಯಿತು. ಈ ಚರ್ಚೆ ಎಲ್ಲೆಡೆಯೂ ನಡೆಯುವಂಥದೇ. ವಿಶ್ವ ಆರೋಗ್ಯ ಸಂಸ್ಥೆ ಭಾರತ, ಘಾನಾ, ನಾರ್ವೆ, ಒಮಾನ್, ಅಮೆರಿಕ ಎಂಬ ಐದು ದೇಶಗಳ ಶಿಶುಗಳನ್ನು ಗಮನಿಸಿ ೨೦೦೬ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆರೋಗ್ಯವಂತ ಮಗು ಯಾರ ಆಸರೆಯೂ ಇಲ್ಲದೆ ನಡೆಯತೊಡಗುವುದು ಎಂಟು ತಿಂಗಳು ಕಳೆದ ಮೇಲಿನಿಂದ ಹದಿನೇಳೂವರೆ ತಿಂಗಳವರೆಗೆ ಯಾವಾಗಲಾದರೂ ಆಗಬಹುದು. ನೂರರಲ್ಲಿ ಸುಮಾರು ನಾಲ್ಕು ಮಕ್ಕಳು ಅಂಬೆಗಾಲಿಡುವುದೇ ಇಲ್ಲ. ಕುಳಿತಲ್ಲಿಂದ ನೇರವಾಗಿ ನಿಲ್ಲುವುದನ್ನು ಕಲಿಯುತ್ತವೆ. ಒಂದೇ ಮನೆಯ ಮೂವರು ಮಕ್ಕಳು ಮೂರು ಬೇರೆ ವಯಸ್ಸಿನಲ್ಲಿ ನಡೆಯುವುದು ಸಹಜ. ‘ಅಕ್ಕ ಒಂಬತ್ತು ತಿಂಗಳಿಗೇ ನಡೆದಿದ್ದಳು’ ಎಂಬ ಹೋಲಿಕೆಯಿಂದ ಕೂಸಿಗೇನೂ ನಷ್ಟವಿಲ್ಲ. ಆ ಮಾತು ನಾಟುವುದು, ಒಂದೂಕಾಲು ವರ್ಷಕ್ಕೆ ನಡೆದ ನಡುವಿನವನಿಗೆ.

ಅವನಿಗೂ ಒಂದು ಗೌರವದ ದಿನ ಬಂದಿತು. ಕಜ್ಜಾಯ ಕಚ್ಚುವಾಗ ಹಲ್ಲು ಉದುರಿತು. ಹಾಲುಹಲ್ಲುಗಳು ಒಟ್ಟು ಇಪ್ಪತ್ತು. ಆರು ವರ್ಷದ ಸುಮಾರಿಗೆ ಕೆಳಗಿನ ಮುಂದಿನ ಹಲ್ಲುಗಳಿಂದ ತೊಡಗಿ ಹನ್ನೆರಡರ ಹೊತ್ತಿಗೆ ಎಲ್ಲವೂ ಉದುರಿ ಬೇರೆ ಹಲ್ಲುಗಳು ಬರುತ್ತವೆ. ಉದುರಿದ ಹಲ್ಲನ್ನು ಸಗಣಿಯ ಉಂಡೆಯಲ್ಲಿಟ್ಟು ಮಾಳಿಗೆಯ ಮೇಲೆ ಎಸೆದರೆ ಹೊಸ ಹಲ್ಲು ಚೆನ್ನಾಗಿ ಬರುತ್ತದೆಂಬ ನಂಬಿಕೆ ಹಳೆಯದು. ಓಣಿಯಲ್ಲಿ ಸಗಣಿ ಸಿಕ್ಕಿತು, ಮನೆಯೂ ಮಾಳಿಗೆಯದೇ ಆಗಿತ್ತು. ಆದರೆ ಅವನು ಎಸೆದ ಉಂಡೆ ಮೊದಲ ಸಲ ಪಕ್ಕದ ಮನೆಯ ಮೇಲೆ ಬಿದ್ದಿತು. ತನ್ನ ಹಲ್ಲು ಪಕ್ಕದ ಮನೆಯವರಿಗೆ ಬರುತ್ತದೆಂದು ಅವನು ಅತ್ತನು. ಹಿರಿಯವಳು ಏಣಿ ಹತ್ತಿ ಅದನ್ನು ಹುಡುಕಿ ತಂದು, ತಮ್ಮನ ಕೈಗೆ ಕೊಟ್ಟು ಮತ್ತೆ ಎಸೆಯಿಸಿದಳು.

ರಜೆಯ ಒಂದು ದಿನ ಅಜ್ಜಿ ಮಕ್ಕಳನ್ನು ಬಸ್ಸಿನಲ್ಲಿ ಹಂಪಿಗೆ ಕರೆದೊಯ್ದಳು. ಹೊಸಪೇಟೆಯಿಂದ ಹಂಪಿಗೆ ಸುಮಾರು ಹದಿಮೂರು ಕಿಲೋಮೀಟರು. ೧೯೮೬ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಸ್ಥಳವನ್ನು ನೋಡಲು ದೂರದೇಶಗಳಿಂದ ಜನ ಬರುತ್ತಾರೆ. ಹೊಸಪೇಟೆಯ ಮಕ್ಕಳಿಗೆ ಅದು ಅಜ್ಜಿಯ ಜೊತೆ ಹೋಗಿ ಮಂಡಕ್ಕಿ ತಿಂದು ಬರುವ ಊರು. ವಿರೂಪಾಕ್ಷನ ಗುಡಿಯ ಹಿಂಬದಿಯ ಕತ್ತಲ ಕೋಣೆಯೊಂದರಲ್ಲಿ, ಸಣ್ಣ ಕಿಂಡಿಯ ಮೂಲಕ ಬಂದ ಬೆಳಕು ಎದುರಿನ ಗೋಡೆಯ ಮೇಲೆ ಒಂಬತ್ತು ಅಂತಸ್ತಿನ ರಾಜಗೋಪುರದ ಬಿಂಬವನ್ನು ತಲೆಕೆಳಗಾಗಿ ಮೂಡಿಸುತ್ತದೆ. ಬೆಳಕು ಸರಳರೇಖೆಯಲ್ಲಿ ಚಲಿಸುವುದರಿಂದ ಗೋಪುರದ ತುದಿಯಿಂದ ಬಂದ ಕಿರಣ ಕಿಂಡಿಯನ್ನು ದಾಟಿ ಕೆಳಗೂ, ಬುಡದಿಂದ ಬಂದ ಕಿರಣ ಮೇಲಕ್ಕೂ ಬೀಳುತ್ತದೆ ಎಂದು ಹಿರಿಯವಳು ತಮ್ಮನಿಗೆ ವಿವರಿಸತೊಡಗಿದಳು. ಅವನು ಕೇಳುವ ತಾಳ್ಮೆಯಿಲ್ಲದೆ ಗೋಡೆಗೆ ಬೆನ್ನು ಮಾಡಿ ಬಗ್ಗಿ, ತನ್ನ ಎರಡು ಕಾಲುಗಳ ನಡುವಿನಿಂದ ನೋಡಿ, ‘ಈಗ ನೆಟ್ಟಗ ಕಾಣತದ’ ಎಂದನು. ಇಬ್ಬರು ಪ್ರವಾಸಿಗರೂ ಅವನಂತೆ ಬಗ್ಗಿ ನೋಡಿದರು. ವಿಜ್ಞಾನ ಅಕ್ಕನಲ್ಲಿತ್ತು, ಉಪಾಯ ತಮ್ಮನಲ್ಲಿತ್ತು.

ಹಿಂದಿರುಗುವಾಗ ಅಜ್ಜಿ ಹೊಳೆಯಾಚೆಯ ಆನೆಗೊಂದಿಯ ಬಂಡೆಗಳನ್ನು ತೋರಿಸಿ, ಅದು ವಾಲಿ ಸುಗ್ರೀವರ ಕಿಷ್ಕಿಂಧೆಯೆಂದಳು. ಮಕ್ಕಳು ಆಗ ಅದನ್ನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಎರಡು ದಿನಗಳ ಮೇಲೆ ಆ ಕಥೆ ಬೇಕಾಯಿತು.

ಅಂದು ಮಧ್ಯಾಹ್ನ ಕಣ್ಣಾಮುಚ್ಚಾಲೆ ನಡೆದಿತ್ತು. ಹಿರಿಯವಳು ಕಾಳುಕಡಿಗಳನ್ನಿಡುವ ಕತ್ತಲ ಕೋಣೆಯಲ್ಲಿ ಅಡಗಿದಳು. ಹುಡುಕುತ್ತ ಬಂದ ನಡುವಿನವನು ಒಳಗೆ ಇಣುಕಿದನು, ಯಾರೂ ಕಾಣಲಿಲ್ಲ. ಆ ಬಾಗಿಲು ತೆರೆದಿದ್ದರೆ ಅವನಿಗೆ ಭಯ. ಚಿಲಕ ಹಾಕಿದನು. ಅಷ್ಟರಲ್ಲಿ ಯಾರೋ ಗಾಳಿಪಟ ಹಾರಿಸುತ್ತಿರುವ ಸುದ್ದಿ ಬಂದು ಬೀದಿಗೆ ಓಡಿದನು. ಆಟವನ್ನು ಮರೆತನು, ಅಕ್ಕನನ್ನೂ ಮರೆತನು. ಕತ್ತಲಲ್ಲಿ ಒಬ್ಬಳೇ ಕುಳಿತು, ಕೂಗಿ ಕೂಗಿ, ಕಡೆಗೆ ಜೋಳದ ಚೀಲಕ್ಕೆ ಒರಗಿ ಅಳುತ್ತಿದ್ದವಳನ್ನು ತಾಯಿ ಬಂದು ಹೊರಗೆ ತೆಗೆದಳು. ಆ ಸಂಜೆ ಹಿರಿಯವಳು ತಮ್ಮನ ನಾಣ್ಯದ ಡಬ್ಬಿಯನ್ನು ಹೊರಗೆಸೆದಳು. ‘ಬೇಕಂತಲೇ ಹಾಕಿದ’ ಎಂದಳು. ‘ಮರತೆ’ ಎಂದು ಅವನೆಂದ ಮಾತನ್ನು ನಂಬಲಿಲ್ಲ.

ರಾತ್ರಿ ಅಜ್ಜಿ ಕಥೆ ತೆಗೆದಳು. ಮಾಯಾವಿಯೆಂಬ ರಾಕ್ಷಸನನ್ನು ಬೆನ್ನಟ್ಟಿ ವಾಲಿ ಗುಹೆಯೊಳಗೆ ಹೋಗುತ್ತಾನೆ. ಬಾಗಿಲಲ್ಲಿ ಕಾದಿರಲು ತಮ್ಮನಿಗೆ ಹೇಳಿರುತ್ತಾನೆ. ಸುಗ್ರೀವ ಒಂದು ವರ್ಷ ಕಾಯುತ್ತಾನೆ. ಗುಹೆಯಿಂದ ರಕ್ತ ಹರಿದು ಬರುತ್ತದೆ. ಅಣ್ಣ ಸತ್ತನೆಂದು ಬಗೆದು, ರಾಕ್ಷಸ ಹೊರಗೆ ಬಾರದಿರಲೆಂದು ಬಂಡೆಯಿಂದ ಬಾಗಿಲು ಮುಚ್ಚಿ ಊರಿಗೆ ಮರಳುತ್ತಾನೆ. ಮಂತ್ರಿಗಳು ಅವನಿಗೆ ಪಟ್ಟ ಕಟ್ಟುತ್ತಾರೆ. ಸತ್ತವನು ರಾಕ್ಷಸ. ಬಂಡೆ ಒದ್ದು ಹೊರಬಂದ ವಾಲಿ ಸಿಂಹಾಸನದ ಮೇಲೆ ತಮ್ಮನನ್ನು ಕಾಣುತ್ತಾನೆ. ‘ಬೇಕೆಂದೇ ಮುಚ್ಚಿದೆ’ ಎಂಬ ಅವನ ಸಿಟ್ಟು ಆಮೇಲೆ ಇಳಿಯುವುದೇ ಇಲ್ಲ. ಅಜ್ಜಿ ಅಲ್ಲಿಗೆ ನಿಲ್ಲಿಸಿ, ಸುಗ್ರೀವನದು ತಪ್ಪಲ್ಲ, ತಪ್ಪು ತಿಳಿವಳಿಕೆ ಎಂದಳು. ಹಿರಿಯವಳು ಸುಲಭವಾಗಿ ಬಿಡಲಿಲ್ಲ. ‘ಮುಚ್ಚೂಕಿಂತ ಮೊದಲು ಒಂದು ಸಲ ಕೂಗಿ ನೋಡಬಾರದಿತ್ತೇನು?’ ಎಂದು ಕೇಳಿದಳು. ಒಳಗಿನಿಂದ ತಾನು ಮತ್ತೆ ಮತ್ತೆ ‘ಸುಗ್ರೀವಾ’ ಎಂದು ಕೂಗಿದರೂ ಉತ್ತರ ಬರಲಿಲ್ಲವೆಂಬುದು ವಾಲ್ಮೀಕಿ ರಾಮಾಯಣದಲ್ಲಿ ವಾಲಿಯ ದೂರು. ಅಜ್ಜಿಗೆ ಅದು ತಿಳಿದಿತ್ತೋ ಇಲ್ಲವೋ, ಮೊಮ್ಮಗಳ ಪ್ರಶ್ನೆಗೆ ಉತ್ತರ ಕೊಡಲಿಲ್ಲ. ನಡುವಿನವನು ಕಂಬಳಿಯೊಳಗಿನಿಂದ ‘ನಾ ಇನ್ನ ಕೂಗತೀನಿ’ ಎಂದನು. ಬೆಳಗ್ಗೆ ನೋಡಿದರೆ ಎಸೆದ ಡಬ್ಬಿ ಅವನ ತಲೆದಿಂಬಿನ ಬಳಿ ಇತ್ತು. ನಾಣ್ಯಗಳು ಎಣಿಕೆಗೆ ಸರಿಯಾಗಿದ್ದವು.

ಈ ಸೀಮೆಗೆ ಒಡಹುಟ್ಟಿದವರ ಕಥೆಗಳು ಒಲಿದು ಬಂದಿವೆಯೆಂದೇ ತೋರುತ್ತದೆ. ಹಜಾರರಾಮ ದೇವಾಲಯದ ಗೋಡೆಗಳ ಮೇಲೆ ದಶರಥನ ಮಕ್ಕಳಿದ್ದಾರೆ. ವಿಜಯನಗರವನ್ನು ಕಟ್ಟಿದವರೇ ಹರಿಹರ, ಬುಕ್ಕ ಎಂಬ ಅಣ್ಣತಮ್ಮಂದಿರು. ಸಂಡೂರಿನ ಬೆಟ್ಟದಲ್ಲಿ ಸಾವಿರ ವರ್ಷಕ್ಕೂ ಹಿಂದಿನ ಕುಮಾರಸ್ವಾಮಿಯ ಗುಡಿಯಿದೆ. ಯಾರು ಮೊದಲು ಲೋಕ ಸುತ್ತಿ ಬರುವರೆಂಬ ಪಂದ್ಯದಲ್ಲಿ ಗಣಪ ತಂದೆತಾಯಿಯರನ್ನು ಸುತ್ತಿ ಗೆದ್ದುದಕ್ಕೆ ಮುನಿದು, ನವಿಲೇರಿ ನಿಜವಾಗಿಯೂ ಲೋಕ ಸುತ್ತಿ ಬಂದ ಕುಮಾರ ಕ್ರೌಂಚಗಿರಿಗೆ ಹೊರಟುಹೋದನಷ್ಟೆ. ಆ ಗಿರಿ ಸಂಡೂರಿನದೆಂದು ಸ್ಥಳೀಯರ ನಂಬಿಕೆ. ಅಲ್ಲಿ ದೊರೆಯುವ ಬಿಳಿಯ ವಿಭೂತಿಮಣ್ಣು, ಅವನು ಸಿಟ್ಟಿನಲ್ಲಿ ಕಕ್ಕಿದ ತಾಯಿಯ ಹಾಲೆಂದೂ ಹೇಳುತ್ತಾರೆ. ಮುನಿದ ಮಗನ ಗುಡಿಯ ಪಕ್ಕದಲ್ಲಿಯೇ ಪಾರ್ವತಿಯ ಗುಡಿಯೂ ಇದೆ. ಬೆವರು ಸುರಿಸಿ ಓಡಿದ ತಮಗೆ ದೊರೆಯದ ಹಣ್ಣು, ಕುಳಿತಲ್ಲೇ ಜಾಣತನ ತೋರಿದವರಿಗೆ ದೊರೆಯಿತೆಂಬ ಸಂಕಟ ಮನೆಮನೆಯ ಮಕ್ಕಳಿಗೂ ಪರಿಚಿತ. ಕುಮಾರನ ಪಕ್ಷ ವಹಿಸುವ ಮಕ್ಕಳನ್ನು ತಪ್ಪೆನ್ನುವುದು ಕಷ್ಟ.

ಇಂತಹ ಸಂಕಟವನ್ನು ವಿಜ್ಞಾನಿಯೊಬ್ಬನು ತನ್ನ ಮನೆಯಲ್ಲಿಯೇ ಕಂಡು ಬರೆದಿಟ್ಟಿದ್ದಾನೆ. ಚಾರ್ಲ್ಸ್ ಡಾರ್ವಿನ್ ೧೮೩೯ರಲ್ಲಿ ಹುಟ್ಟಿದ ತನ್ನ ಮೊದಲ ಮಗ ವಿಲಿಯಮ್‌ನ ನಡೆನುಡಿಗಳನ್ನು ದಿನಚರಿಯಲ್ಲಿ ಗುರುತಿಸಿಕೊಂಡು, ಮೂವತ್ತೇಳು ವರ್ಷಗಳ ಅನಂತರ, ೧೮೭೭ರಲ್ಲಿ ‘ಮೈಂಡ್’ ಎಂಬ ಪತ್ರಿಕೆಯಲ್ಲಿ ಪ್ರಕಟಿಸಿದನು. ತಂದೆ ಪುಟ್ಟ ತಂಗಿಯನ್ನು ತೂಕ ಮಾಡುವುದನ್ನು ಕಂಡು ಹದಿನೈದೂವರೆ ತಿಂಗಳ ಆ ಮಗು ಸ್ಪಷ್ಟವಾಗಿ ಹೊಟ್ಟೆಕಿಚ್ಚು ಪಟ್ಟಿತೆಂದು ಅದರಲ್ಲಿದೆ. ಅದೇ ಮಗು ಎರಡು ವರ್ಷ ಮೂರು ತಿಂಗಳಾದಾಗ ತನ್ನಲ್ಲಿ ಉಳಿದಿದ್ದ ಶುಂಠಿಯ ಸಿಹಿತಿಂಡಿಯ ಕೊನೆಯ ತುಣುಕನ್ನು ತಂಗಿಗೆ ಕೊಟ್ಟು, ತಾನೆಷ್ಟು ಒಳ್ಳೆಯವನೆಂದು ತನ್ನ ಮುದ್ದಿನ ಹೆಸರು ಹಿಡಿದು ತಾನೇ ಕೂಗಿ ಹೊಗಳಿಕೊಂಡಿತಂತೆ. ಹೊಟ್ಟೆಕಿಚ್ಚಿನಿಂದ ಕೊನೆಯ ತುಣುಕಿಗೆ ಬರಲು ಅದಕ್ಕೆ ಒಂದು ವರ್ಷ ಹಿಡಿಯಿತು. ಈ ದಾರಿಯನ್ನು ಯಾವ ತಾಯಿಯೂ ಹೆಜ್ಜೆ ಎಣಿಸಿ ಕಜ್ಜಾಯ ಹಂಚುವುದಿಲ್ಲ. ಆ ತಂಗಿ ಆನಿ ೧೮೫೧ರಲ್ಲಿ, ಹತ್ತನೆಯ ವಯಸ್ಸಿನಲ್ಲಿ ತೀರಿಕೊಂಡಳು.

ಶಾಲೆಗಳು ಮತ್ತೆ ತೆರೆಯಲು ಎರಡು ದಿನ ಉಳಿದಿದ್ದಾಗ ಹಿರಿಯವಳ ಸಹಪಾಠಿಯೊಬ್ಬಳು ಓಣಿಗೆ ಬಂದಳು. ಸಂಡೂರು ತಾಲ್ಲೂಕಿನ ಒಂದು ತಾಂಡಾದವಳು. ತಂದೆತಾಯಿ ಹೊಸಪೇಟೆಯಲ್ಲಿ ಕೂಲಿ ಮಾಡುತ್ತಿದ್ದರು. ಅವಳ ಸೊಂಟದ ಮೇಲೆ ಹತ್ತು ತಿಂಗಳ ತಮ್ಮ. ಅವನು ಅಲ್ಲಿಂದ ಇಳಿದುದನ್ನು ತರಗತಿಯ ಹುಡುಗಿಯರು ಕಂಡಿರಲಿಲ್ಲ. ಅಂಗಳದಲ್ಲಿ ಕುಂಟಾಬಿಲ್ಲೆ ನಡೆದಿತ್ತು. ಗೆಳತಿ ಬಹಳ ಹೊತ್ತು ನಿಂತು ನೋಡಿದಳು. ಅನಂತರ ತಮ್ಮನನ್ನು ಸೊಂಟದ ಮೇಲಿಟ್ಟುಕೊಂಡೇ ಒಂಟಿಕಾಲಿನಲ್ಲಿ ಮನೆಯಿಂದ ಮನೆಗೆ ಹಾರಿದಳು. ಪ್ರತಿ ಹಾರಿಕೆಗೂ ಆ ಮಗು ಕೇಕೆ ಹಾಕಿತು. ನಾಲ್ಕನೆಯ ಮನೆಗೆ ಉಸಿರು ಕಟ್ಟಿ ಗೆರೆ ತುಳಿದಳು. ‘ಅದನ್ನ ಇಲ್ಲಿ ಕೊಡು’ ಎಂದು ಹಿರಿಯವಳು ಕೈ ಚಾಚಿದಳು. ತನ್ನ ಸರದಿಯನ್ನು ಬಿಟ್ಟು, ಒಂದು ಮೊಣಕಾಲ ಮೇಲೆ ತಂಗಿಯನ್ನೂ ಇನ್ನೊಂದರ ಮೇಲೆ ಗೆಳತಿಯ ತಮ್ಮನನ್ನೂ ಕೂರಿಸಿಕೊಂಡಳು. ಗೆಳತಿ ಎರಡು ಕೈಗಳನ್ನೂ ಬೀಸಿ ಎಂಟು ಮನೆಗಳನ್ನು ಮುಗಿಸಿದಳು. ಅವಳು ಅಷ್ಟು ಚೆನ್ನಾಗಿ ಆಡಬಲ್ಲಳೆಂಬುದು ಅಲ್ಲಿಯವರೆಗೆ ಯಾರಿಗೂ ತಿಳಿದಿರಲಿಲ್ಲ.

ತಮ್ಮ ತಂಗಿಯರನ್ನು ಎತ್ತಿ ಆಡಿಸುವುದು ಅಕ್ಕಂದಿರಿಗೆ ಸಂತೋಷವೂ ಹೌದು. ಆದರೆ ರಜೆ ಮುಗಿದ ಮೇಲೂ ಸೊಂಟ ಬಿಡುವಾಗದಿದ್ದರೆ ಆ ಸಂತೋಷ ಹೊರೆಯಾಗುತ್ತದೆ. ೨೦೦೦ದ ಅನಂತರದ ವರ್ಷಗಳಲ್ಲಿ ಸಂಡೂರು, ಹೊಸಪೇಟೆಗಳ ಸುತ್ತ ಕಬ್ಬಿಣದ ಅದಿರಿನ ಗಣಿಗಾರಿಕೆ ಮಿತಿಮೀರಿ ಬೆಳೆದಾಗ, ಕೆಂಧೂಳಿನಲ್ಲಿ ಅದಿರು ಒಡೆಯುವ ದೊಡ್ಡವರ ಪಕ್ಕದಲ್ಲಿ ಮಕ್ಕಳೂ ದುಡಿಯುತ್ತಿದ್ದರು. ಸರ್ವೋಚ್ಚ ನ್ಯಾಯಾಲಯ ೨೦೧೧ರ ಜುಲೈ ತಿಂಗಳಲ್ಲಿ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಅನಂತರ ಅದು ಕಟ್ಟುಪಾಡುಗಳೊಂದಿಗೆ ಮತ್ತೆ ಆರಂಭವಾಯಿತು. ತಾಯಂದಿರು ದುಡಿಯಲು ಹೋದಾಗ ಕೂಸುಗಳನ್ನು ನೋಡಿಕೊಳ್ಳುವವರಾರು ಎಂಬ ಪ್ರಶ್ನೆ ಹಳೆಯದು. ಭಾರತದಲ್ಲಿ ಅಂಗನವಾಡಿಗಳ ಯೋಜನೆ ೧೯೭೫ರ ಅಕ್ಟೋಬರ್ ೨ರಂದು ಮೂವತ್ತಮೂರು ಕಡೆಗಳಲ್ಲಿ ತೊಡಗಿತು. ಕರ್ನಾಟಕದಲ್ಲಿ ಮೊದಲು ಆರಂಭವಾದದ್ದು ತಿರುಮಕೂಡಲು ನರಸೀಪುರದಲ್ಲಿ. ೨೦೧೦ರ ಏಪ್ರಿಲ್ ೧ರಿಂದ ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಶಿಕ್ಷಣ ಹಕ್ಕಾಯಿತು. ೨೦೨೩ರಲ್ಲಿ ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಎಂಬ ಶಿಶುಪಾಲನೆಯ ಕೇಂದ್ರಗಳನ್ನು ತೆರೆಯುವ ಕಾರ್ಯ ಆರಂಭವಾಯಿತು. ಆದರೆ ಕಬ್ಬಿನ ಕಟಾವಿಗೆ ಗುಳೆ ಹೋಗುವ ಕುಟುಂಬ ಒಂದು ಗದ್ದೆಯಿಂದ ಇನ್ನೊಂದು ಗದ್ದೆಗೆ ಸರಿಯುತ್ತಿರುತ್ತದೆ. ಮನೆ ಒಂದೆಡೆ ನಿಲ್ಲದವರಿಗೆ ಕೂಸಿನ ಮನೆಯೂ ನಿಲ್ಲುವುದಿಲ್ಲ.

ಗೆಳತಿ ದೀಪಾವಳಿಗೆ ತಾಂಡಾಕ್ಕೆ ಹೋದಳು. ಲಂಬಾಣಿ ತಾಂಡಾಗಳಲ್ಲಿ ಅಮಾವಾಸ್ಯೆಯ ರಾತ್ರಿ ಹುಡುಗಿಯರು ದೀಪ ಹಿಡಿದು ಮನೆಮನೆಗೆ ಹೋಗಿ ‘ಮೇರಾ’ ಹೇಳಿ ಶುಭ ಕೋರುತ್ತಾರೆ. ತಮ್ಮನನ್ನು ಅಜ್ಜಿಗೆ ಒಪ್ಪಿಸಿ, ಒಂದು ಕೈಯಲ್ಲಿ ದೀಪ, ಇನ್ನೊಂದು ಕೈ ಗಾಳಿಗೆ ಅಡ್ಡ ಹಿಡಿದು ತಾನೂ ಹೋಗುವೆನೆಂದು ಹೇಳಿ ಹೋಗಿದ್ದಳು. ಹಬ್ಬ ಮುಗಿದ ಮೇಲೆ ಕುಟುಂಬ ಕಬ್ಬು ಕಡಿಯಲು ಕಂಪ್ಲಿಯ ಕಡೆಗೆ, ಅಲ್ಲಿಂದ ಮುಂದೆ ಮಂಡ್ಯದ ಕಡೆಗೆ ಹೊರಟಿತು. ತಾಯಿ ಗದ್ದೆಯಲ್ಲಿರುವಾಗ ಮಗುವನ್ನು ನೋಡಲು ಅವಳು ಬೇಕಾಗಿದ್ದಳು. ವಲಸೆಯ ಮಕ್ಕಳಿಗಾಗಿ ಟೆಂಟ್ ಶಾಲೆಗಳನ್ನು ನಡೆಸಿದ್ದುಂಟು. ಅಲ್ಲಿಗೆ ಹೋಗಬೇಕಾದರೂ ಸೊಂಟ ಖಾಲಿಯಿರಬೇಕು. ತರಗತಿಯಲ್ಲಿ ಹಿರಿಯವಳ ಪಕ್ಕದ ಸ್ಥಳ ಬರಿದಾಯಿತು. ಎರಡು ದಿನ ಅಲ್ಲಿ ಪುಸ್ತಕದ ಚೀಲವಿಟ್ಟುಕೊಂಡಳು. ಮೂರನೆಯ ದಿನ ತೆಗೆದಳು.

ಗೌರಿ ಹುಣ್ಣಿಮೆ ಬಂದಿತು. ಸಕ್ಕರೆಯ ಪಾಕವನ್ನು ಮರದ ಅಚ್ಚುಗಳಲ್ಲಿ ಹೊಯ್ದು, ಆರಿದ ಮೇಲೆ ಅಚ್ಚು ಬಿಡಿಸಿದರೆ ಆನೆ, ಕುದುರೆ, ತೇರು, ಗಿಳಿಗಳು ಹೊರಬರುತ್ತವೆ. ಪೇಟೆಯ ಅಂಗಡಿಗಳಲ್ಲಿ ಅವು ಬಿಳಿ, ಕೆಂಪು, ಹಳದಿಗಳಲ್ಲಿ ಸಾಲಾಗಿ ನಿಂತಿರುತ್ತವೆ. ಈ ಮನೆಗೆ ಒಂದು ಆನೆ, ಒಂದು ತೇರು, ಎರಡು ಗಿಳಿ ಬಂದವು. ಆರತಿ ಮುಗಿಯುವವರೆಗೆ ಕಾಯುವುದು ನಡುವಿನವನಿಗೆ ದೊಡ್ಡ ಪರೀಕ್ಷೆ. ಆನೆಯ ಸೊಂಡಿಲನ್ನು ನೆಕ್ಕಿ ನೆಕ್ಕಿ ಸಣ್ಣದು ಮಾಡಿದ್ದು ಆರತಿಯ ಬೆಳಕಿನಲ್ಲಿ ಬಯಲಾಯಿತು. ಈಗ ಓಡಾಡಬಲ್ಲ ಕೂಸು ನೇರವಾಗಿ ತಟ್ಟೆಗೆ ಕೈಹಾಕಿ ತೇರಿನ ಗಾಲಿ ಮುರಿಯಿತು. ಹಿರಿಯವಳು ತನ್ನ ಪಾಲಿಗೆ ಬಂದ ಎರಡು ಗಿಳಿಗಳಲ್ಲಿ ಒಂದನ್ನು ತಿಂದಳು. ಇನ್ನೊಂದನ್ನು ಹಳೆಯ ಹಾಳೆಯಲ್ಲಿ ಸುತ್ತಿ, ಸ್ಟೀಲಿನ ಡಬ್ಬಿಯಲ್ಲಿಟ್ಟು, ತಮ್ಮನ ಕೈಗೆಟುಕದ ಗೂಡಿನಲ್ಲಿ ಇರಿಸಿದಳು. ಯಾರಿಗೆಂದು ಅವನು ಕೇಳಿದಾಗ, ‘ಊರಿಗೆ ಹೋದಾಕಿಗೆ’ ಎಂದಳು. ಅವನು ಗೂಡಿನ ಎತ್ತರವನ್ನು ಕಣ್ಣಿನಲ್ಲೇ ಅಳೆದು ಸುಮ್ಮನಾದನು.

ಸಂಕ್ರಾಂತಿ ಹೋಯಿತು, ಶಿವರಾತ್ರಿಯೂ ಹೋಯಿತು. ಗೂಡು ಅವನಿಗೆ ಎಟುಕುವಷ್ಟರಲ್ಲಿ ಯುಗಾದಿ ಹತ್ತಿರವಾಗಿತ್ತು. ಡಬ್ಬಿಯನ್ನು ಅವನು ಎರಡು ಸಲ ತೆರೆದು ನೋಡಿದನು. ಗಿಳಿ ಇನ್ನೂ ಇದೆಯೆಂದು ಅಕ್ಕನಿಗೆ ಬಂದು ವರದಿ ಮಾಡಿದನು. ಬಿದ್ದ ಹಲ್ಲಿನ ಜಾಗದಲ್ಲಿ ಹೊಸ ಹಲ್ಲು, ಸ್ವಲ್ಪ ವಕ್ರವಾಗಿ, ಬಂದು ನಿಂತಿತ್ತು.

ವಾರ್ಷಿಕ ಪರೀಕ್ಷೆಗೆ ಹತ್ತು ದಿನಗಳಿರುವಾಗ ಒಂದು ಸಂಜೆ ಗೆಳತಿ ಓಣಿಗೆ ಬಂದಳು. ಬಿಸಿಲಿಗೆ ಕಪ್ಪಾಗಿದ್ದಳು, ಅಂಗೈಯಲ್ಲಿ ಕಬ್ಬಿನ ಸೋಗೆ ಕೊಯ್ದ ಗೆರೆಗಳಿದ್ದವು. ಸೊಂಟದ ಮೇಲೆ ಯಾರೂ ಇರಲಿಲ್ಲ. ತಮ್ಮ ಅವಳ ಕಿರುಬೆರಳು ಹಿಡಿದು ತನ್ನ ಕಾಲಿನಿಂದಲೇ ನಡೆದು ಬಂದಿದ್ದನು. ಎಲ್ಲಿ ನಡೆದನೆಂದು ಹಿರಿಯವಳು ಕೇಳಿದಳು. ‘ಗದ್ದ್ಯಾಗ, ಬದುವಿನ ಮ್ಯಾಲ. ನಾ ಒಬ್ಬಾಕೇ ನೋಡಿದ್ದು’ ಎಂದು ಗೆಳತಿ ಹೇಳಿದಳು. ನಡುವಿನವನು ಯಾರೂ ಹೇಳದೆಯೇ ಒಳಗೆ ಹೋಗಿ ಡಬ್ಬಿ ತಂದನು. ಗಿಳಿಯ ಬಣ್ಣ ಮಾಸಿತ್ತು. ಆಕಾರ ಹಾಗೆಯೇ ಇತ್ತು. ಗೆಳತಿ ಅದನ್ನು ಎರಡು ಕೈಗಳಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ಅಷ್ಟರಲ್ಲಿ ತಮ್ಮ ಅವಳ ಲಂಗವನ್ನು ಜಗ್ಗಿ, ಅವಳು ಬಗ್ಗಿದ ಕೂಡಲೇ ಬಾಯಿ ಹಾಕಿ ಗಿಳಿಯ ತಲೆಯನ್ನು ಕಚ್ಚಿಕೊಂಡನು.